ಜಗಲಿಯ ಮೇಲಿನ ಪಥ್ಯದ ಚೀಟಿ

ಬೆಳಗಾವಿಯ ಡಯಾಲಿಸಿಸ್ ವಾರ್ಡಿನಲ್ಲಿ ನನ್ನನ್ನು ನೀಲವ್ವ ಅಂತ ಕರೆಯುವವರು ಕಡಿಮೆ. ಡಬ್ಬಿ ಅಕ್ಕಾರು ಅಂತಾರೆ. ಹೊಸಬರು ಯಾರಾದರೂ ಪಕ್ಕದ ಮಂಚಕ್ಕೆ ಬಂದರೆ ಅವರ ಹೆಸರು, ಊರು ಕೇಳುವ ಮೊದಲೇ ನಾನು ಕೇಳುವುದು, "ಬುತ್ತಿ ಏನ ತಂದೀರಿ? ಡಬ್ಬಿ ತಗೀರಿ, ನೋಡೂಣು." ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ನಿವೃತ್ತ ಮಾಸ್ತರರೊಬ್ಬರು "ನೀವೇನ ಡಾಕ್ಟರೇನ್ರಿ?" ಅಂತ ಕೇಳಿಯೇ ಬಿಟ್ಟರು. "ಅಲ್ರಿ ಸರ, ಖಾನಾವಳಿಯಾಕಿ" ಅಂದೆ. ಮಂದಿಯ ತಾಟಿನಲ್ಲಿ ಇಣುಕುವುದು ಕೆಟ್ಟ ಚಾಳಿ ಅಂತ ನನಗೂ ಗೊತ್ತು. ಆದರೂ ಬಿಡುವುದಿಲ್ಲ. ಯಾಕೆ ಬಿಡುವುದಿಲ್ಲ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಚಚಡಿ, ಕೊಟ್ಟದ್ದು ಬೈಲಹೊಂಗಲಕ್ಕೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮುಂದೆ ನಮ್ಮ ಖಾನಾವಳಿ, ಹಿಂದೆ ಮನೆ. ಖಾನಾವಳಿ ಕಟ್ಟಿದವರು ನನ್ನ ಅತ್ತೆ ಶಿವವ್ವ. ಸಾಲಿ ಮುಖ ಕಂಡವರಲ್ಲ, ಆದರೆ ಬ್ಯಾಳಿ ಬೆಂದಿದೆಯೋ ಇಲ್ಲವೋ ಅನ್ನುವುದನ್ನು ಪಡಸಾಲೆಯಲ್ಲಿ ಕೂತು ವಾಸನೆಯಿಂದಲೇ ಹೇಳುತ್ತಿದ್ದರು. ಅಡುಗೆಯ ವಿಷಯದಲ್ಲಿ ಅವರು ಯಾರನ್ನೂ ಏನನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ಖಾನಾವಳಿಗೆ ಅವರದೇ ಒಂದು ಕಟ್ಟಳೆ ಇತ್ತು: ಬೆಂಚಿನ ಮೇಲೆ ಬಂದು ಕೂತವರನ್ನು ಉಣಿಸದೆ ಎಬ್ಬಿಸುವಂತಿಲ್ಲ. ಅನ್ನ ತೀರಿದ್ದರೆ ರೊಟ್ಟಿ, ರೊಟ್ಟಿ ತೀರಿದ್ದರೆ ಹೊಸದಾಗಿ ಬಡಿಯುವುದು. ನಾನು ಮದುವೆಯಾಗಿ ಬಂದಾಗಿನಿಂದ ಆ ರೊಟ್ಟಿ ಬಡಿದ ಕೈ ನನ್ನದು.

ತೊಂಬತ್ತರ ದಶಕದ ಕೊನೆಯಲ್ಲಿ ಮುಖ ಬಾತುಕೊಳ್ಳತೊಡಗಿತು, ಆಮೇಲೆ ಪಾದ. ಒಲೆಯ ಝಳಕ್ಕೆ ಹಂಗಾಗಿರಬೇಕು ಅಂದುಕೊಂಡು ವರ್ಷ ತಳ್ಳಿದೆ. ಕೊನೆಗೆ ಡಾಕ್ಟರು ರಕ್ತ ನೋಡಿ, ಬಿಪಿ ನೋಡಿ, ಎರಡೂ ಕಿಡ್ನಿ ಸೋಲುತ್ತಿವೆ ಅಂದರು. ನನ್ನ ಗಂಡ ಈರಣ್ಣ ಅಲ್ಲೇ ಕುರ್ಚಿಯ ಮೇಲೆ ಕೂತು, ತಮ್ಮ ಕಿಡ್ನಿಯೇ ಸೋತವರಂತೆ ಬೆವರಿದರು. ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಬೇಳೆ, ಕಾಳು, ಹಾಲು, ಮೊಸರು, ಶೇಂಗಾ, ಉಪ್ಪು. ಕಡಿಮೆ ಮಾಡಿ ಅಂದಿದ್ದರೋ, ಬಿಡಿ ಅಂದಿದ್ದರೋ, ಈಗ ನೆನಪಿಲ್ಲ. ಅತ್ತೆಯ ಕೈಗೆ ಬಂದ ಮೇಲೆ ಎಲ್ಲವೂ ಬಂದ್ ಆಯಿತು.

ಅತ್ತೆ ಆ ಚೀಟಿಯನ್ನು ಮಗನಿಂದ ಮೂರು ಸಲ ಓದಿಸಿ ಬಾಯಿಪಾಠ ಮಾಡಿದರು. ಆಮೇಲೆ ದೇವರ ಜಗಲಿಯ ಮೇಲೆ, ವಿಭೂತಿ ಕರಡಿಗೆಯ ಪಕ್ಕದಲ್ಲಿ ಇಟ್ಟರು. ದಿನಾ ಪೂಜೆ ಮುಗಿಸಿ ದೇವರಿಗೆ ಕೈಮುಗಿದ ಕೈ ಚೀಟಿಗೂ ಹೋಗುತ್ತಿತ್ತು. ನನಗೆ ಬೇರೆ ಒಲೆ, ಬೇರೆ ಪಾತ್ರೆ. ಚೀಟಿ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷ ಅದು ನನ್ನನ್ನು ಡಯಾಲಿಸಿಸ್ ಮಶೀನಿನಿಂದ ದೂರ ಇಟ್ಟಿತು. ಹಂಗಾಗಿಯೇ ಅತ್ತೆಗೆ ಅದರ ಮೇಲೆ ಅಷ್ಟು ನಂಬಿಕೆ.

ಆಮೇಲೆ ಮಶೀನು ಬಂದೇ ಬಂತು. ಮಂಗಳವಾರ, ಶುಕ್ರವಾರ ಬೆಳಗಾವಿ. ಹೊಸ ಡಾಕ್ಟರು ನೀರಿನ ಲೆಕ್ಕ ಹೇಳಿದರು, ಉಪ್ಪು ಹೇಳಿದರು, ಎಳನೀರು, ಬಾಳೆಹಣ್ಣು ಮುಟ್ಟಬೇಡಿ ಅಂದರು. ಊಟಕ್ಕೆ ಏನು ಮಾಡುತ್ತೀರಿ ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಜಗಲಿಯ ಮೇಲೆ ಚೀಟಿ ಇತ್ತಲ್ಲ. ಅಕ್ಕಿ ಗಂಜಿ, ನೀರು ಬಸಿದ ಹೀರೆಕಾಯಿ, ಬಾಯಿ ಕೇಳಿದರೆ ಅರ್ಧ ರೊಟ್ಟಿ. ಎಂಟು ತಿಂಗಳು ಅದೇ. ಹಸಿವು ಅನ್ನುವುದು ಹೊರಟುಹೋಯಿತು. ಬಾಯಿಯಲ್ಲಿ ಯಾವಾಗಲೂ ಕಬ್ಬಿಣ ನೆಕ್ಕಿದ ರುಚಿ. ಮುಂದಿನ ಖಾನಾವಳಿಯಿಂದ ಒಗ್ಗರಣೆಯ ವಾಸನೆ ಬಂದರೆ ಸಾಕು, ನಾನು ಹಿಂದೆ ಬಚ್ಚಲಿಗೆ ಓಡುತ್ತಿದ್ದೆ. ಓಡುತ್ತಿದ್ದೆ ಅಂತ ಬರೆದೆ, ತಪ್ಪಾಯಿತು. ನೆಲಕ್ಕೆ ಎರಡೂ ಕೈ ಊರಿ, ಗೋಡೆ ಹಿಡಿದು ಹೋಗುತ್ತಿದ್ದೆ.

ಎಡಗೈಗೆ ಮಶೀನಿನ ಸೂಜಿ ಹಾಕಲು ಆಪರೇಶನ್ ಮಾಡಿದ್ದರಿಂದ ಬಳೆ ಇರಲಿಲ್ಲ. ಬಲಗೈ ಬಳೆಗಳು ನಿಲ್ಲದೆ ಜಾರಿ ಬೀಳತೊಡಗಿದವು. ಮುತ್ತೈದೆಯ ಕೈ ಬರಿದಾಗಬಾರದು ಅಂತ ಅತ್ತೆ ಬಳೆಗಳಿಗೆ ಹತ್ತಿಯ ನೂಲು ಸುತ್ತಿ ದಪ್ಪ ಮಾಡಿದರು. ಒಂದು ತಿಂಗಳಿಗೆ ಇನ್ನಷ್ಟು ನೂಲು ಬೇಕಾಯಿತು. ಆದರೆ ತೂಕದ ಮಶೀನಿನ ಮೇಲೆ ನಿಂತರೆ ತೂಕ ಅಷ್ಟಕ್ಕಷ್ಟೇ. "ತೂಕ ಇಳಿದಿಲ್ಲ, ದೇವರ ದಯೆ" ಅಂತ ಈರಣ್ಣ, ನಮ್ಮ ಮನೆಯವರು, ತಮ್ಮ ಅವ್ವನಿಗೆ ಹೇಳುತ್ತಿದ್ದರು. ಬೆಳಗಾವಿ ಬಸ್ಸಿನ ಕಂಡಕ್ಟರೊಬ್ಬರು ಮಾತ್ರ ಏನೂ ಕೇಳದೆ, ನನಗಾಗಿ ಮುಂದಿನ ಸೀಟಿನ ಮೇಲೆ ತಮ್ಮ ಟವೆಲ್ ಹಾಸಿಕೊಂಡು ಬರತೊಡಗಿದರು. ಅವರ ಕಣ್ಣಿಗೆ ಕಂಡದ್ದು ತೂಕದ ಮಶೀನಿಗೆ ಕಂಡಿರಲಿಲ್ಲ.

ಒಂದು ಶುಕ್ರವಾರ ವಾರ್ಡಿಗೆ ಹೊಸ ಹೆಣ್ಣುಮಗಳೊಬ್ಬಳು ಬಂದಳು. ರೋಗಿಗಳ ಊಟ ನೋಡುವವಳು. ವಾರ್ಡಿನವರು ಆಕೆಯನ್ನು ಊಟದ ಬಾಯಾರು ಅನ್ನತೊಡಗಿದರು; ಬಾಯಾರು ಅಂದರೆ ನಮ್ಮ ಕಡೆ ಮೇಡಮ್ಮು. ನನ್ನ ತೋಳಿಗೆ ಟೇಪು ಸುತ್ತಿದಳು, ತನ್ನ ಎರಡು ಬೆರಳು ಕೊಟ್ಟು ಗಟ್ಟಿಯಾಗಿ ಹಿಚುಕಿ ಅಂದಳು. ಹಿಚುಕಿದೆ. ಆಕೆಗೆ ಗೊತ್ತೇ ಆಗಲಿಲ್ಲ. ದಿನಕ್ಕೆ ನೂರಾರು ರೊಟ್ಟಿ ಬಡಿದ ಕೈ ಅದು. ನನಗೆ ಅಳು ಬಂತು.

"ನಿನ್ನಿ ಮುಂಜಾನಿಂದ ಏನೇನ ತಿಂದ್ರಿ, ಹೇಳ್ರಿ."

"ಅರ್ಧ ಕಪ್ ಚಾ. ಮಧ್ಯಾಹ್ನ ಗಂಜಿ, ಹೀರಿಕಾಯಿ. ಸಂಜಿಗೆ ಮತ್ತ ಗಂಜಿ."

"ಬ್ಯಾಳಿ?"

"ಬಂದ್ ರಿ."

"ಮೊಸರು?"

"ಬಂದ್."

"ಯಾರ ಬಂದ್ ಮಾಡಿದ್ರು?"

"ಚೀಟ್ಯಾಗ ಐತ್ರಿ."

"ಯಾವಾಗಿನ ಚೀಟಿ?"

ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು. "ಅಕ್ಕಾರ, ಅದು ಮಶೀನ್ ಹತ್ತೂಕಿಂತ ಮೊದಲಿಂದು. ಆವಾಗ ಅದು ಖರೇ. ಈಗ ಮಶೀನು ಹೊಲಸೂ ಒಯ್ಯತೈತಿ, ಸತ್ವಾನೂ ಒಯ್ಯತೈತಿ. ನೀವು ತಿನ್ನಲಿಲ್ಲಂದ್ರ ನಿಮ್ಮ ಮೈ ನಿಮ್ಮನ್ನ ತಿಂತೈತಿ."

"ತೂಕ ಅಷ್ಟ ಐತಲ್ರಿ?"

"ಆ ತೂಕದಾಗ ನೀಲವ್ವ ಎಷ್ಟ, ನೀರ ಎಷ್ಟ? ಮಾಂಸ ಹೋದಲ್ಲಿ ನೀರ ತುಂಬೈತಿ. ಹಿಂಗ ನಡದ್ರ ಈ ವರ್ಷ ದಾಟೂದು ಕಷ್ಟ ಐತಿ."

ಮಗ್ಗುಲಲ್ಲಿ ನಿಂತಿದ್ದ ಮನೆಯವರು ಕಿಟಕಿಯ ಕಡೆ ತಿರುಗಿದರು. ನನಗೆ ಮೊದಲು ಭಯವಾಯಿತು, ಆಮೇಲೆ ಉರಿದುಹೋಯಿತು. ಬೈಲಹೊಂಗಲದ ಅರ್ಧ ಊರಿಗೆ ಉಣಿಸಿದವಳು ನಾನು, ತುಂಬಿದ ಅಡುಗೆಮನೆಯ ಮುಂದೆ ಕೂತು ಉಪವಾಸ ಸಾಯುತ್ತಿದ್ದೇನೆ ಅಂದರೆ ಏನು ಅರ್ಥ?

ಮನೆಗೆ ಬಂದು ಹೇಳಿದರೆ ಅತ್ತೆ ಒಪ್ಪಲಿಲ್ಲ. "ಡಾಕ್ಟರ ಬ್ಯಾಡ ಅಂತಾರ, ಯಾವಾಕೋ ನಿನ್ನಿ ಮೊನ್ನಿ ಬಂದಾಕಿ ತಿನ್ನ ಅಂತಾಳ. ಜಗಲಿ ಮ್ಯಾಲಿನ ಮಾತ ನಾ ಮುರಿಯಾಕಿಲ್ಲ" ಅಂದು ಗಂಜಿಯ ಬಟ್ಟಲು ತಂದು ಮುಂದಿಟ್ಟರು. ಅದು ಕೆಟ್ಟತನ ಅಲ್ಲ. ನನ್ನ ಹೀರೆಕಾಯಿಯನ್ನು ಎರಡು ಸಲ ಕುದಿಸಿ, ಎರಡು ಸಲ ನೀರು ಬಸಿದು, ಎಪ್ಪತ್ತರ ವಯಸ್ಸಿನಲ್ಲಿ ನನಗಾಗಿ ಬೇರೆ ಒಲೆ ಊದಿದವರು ಅವರು. ಕೆಟ್ಟವರ ಜೊತೆ ಜಗಳ ಆಡುವುದು ಸುಲಭ ಇತ್ತು.

ಮರುದಿನ ಮಧ್ಯಾಹ್ನ ಖಾನಾವಳಿ ತುಂಬಿದ್ದಾಗ ನಾನು ಗೋಡೆ ಹಿಡಿದುಕೊಂಡು ಮುಂದಕ್ಕೆ ಹೋದೆ. ಗಿರಾಕಿಗಳ ಬೆಂಚಿನ ಮೇಲೆ ಕೂತೆ. "ಒಂದ ಊಟ ಹಾಕ್ರಿ" ಅಂದೆ.

ಅತ್ತೆ ಸೌಟು ಹಿಡಿದುಕೊಂಡೇ ಬಂದರು. "ಎದ್ದ ಒಳಗ ನಡಿ."

"ಯಾಕ ಏಳಲಿ? ಗಿರಾಕಿ ಅದೇನಿ. ಬ್ಯಾಳಿ, ಜುಣಕ, ಮೊಸರ ಹಾಕ್ರಿ."

"ಹಠ ಮಾಡಬ್ಯಾಡ ನೀಲಾ. ಪಥ್ಯ ಮುರದ ಹಾಕಿದ್ರ ನಾ ಕೈಯಾರೆ ನಿನ್ನ ಕೊಂದಂಗ."

"ಹಾಕದಿದ್ರ ಉಪವಾಸ ಕೆಡವಿ ಕೊಂದಂಗ."

ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ರಾಮದುರ್ಗ ಬಸ್ಸಿನ ಡ್ರೈವರು ಎದುರಿಗೆ ಕೂತಿದ್ದರು, ಹಳೆಯ ಗಿರಾಕಿ. ಅವರು ಮೆಲ್ಲಗೆ ಅಂದರು, "ಅಮ್ಮಾರ, ಇಲ್ಲಿ ಕುಂತವರನ್ನ ನೀವು ಎಬ್ಬಿಸಿದ್ದ ನಾ ಒಂದ ದಿನಾನೂ ನೋಡಿಲ್ರಿ."

ಅತ್ತೆ ಸೌಟು ಇಳಿಸಿದರು. ಒಳಗೆ ಹೋದರು. ತಾಟು ತಂದರು, ಬ್ಯಾಳಿ ಹಾಕಿದರು, ಅಂಗೈಯಗಲದ, ಕಡಲೆಹಿಟ್ಟಿನ ಜುಣಕದ ವಡಿ ಇಟ್ಟರು, ಜಗಲಿಯ ಕಡೆ ತಿರುಗಿ ಕೈಮುಗಿದರು. ನಾನು ಆರು ತುತ್ತು ಉಂಡೆ. ಎರಡು ಹೊರಗೆ ಬಂದವು. ನಾಲ್ಕು ಉಳಿದವು. ಗೆದ್ದೆ.

ಅಂದಿನಿಂದ ದಿನಾ ಮಧ್ಯಾಹ್ನ ಬೆಂಚಿನ ಮೇಲೆ ನನ್ನ ಊಟ. ಊಟದ ಬಾಯಾರು ಹೇಳಿದ ಅಳತೆಯ ವಾಟಗ, ಅಂದರೆ ಬಟ್ಟಲು, ಊಟದ ಜೊತೆಯ ಗುಳಿಗೆ, ಸುಣ್ಣದ ವಾಸನೆಯ ಒಂದು ಸತ್ವದ ಪುಡಿ. ಆ ಪುಡಿಯನ್ನು ಕುಡಿಯಲು ಆಗದೆ ರೊಟ್ಟಿಯ ಹಿಟ್ಟಿನಲ್ಲಿ ಕಲೆಸಿ ಬಡಿಸಿಕೊಂಡೆ. ನೀರು, ಉಪ್ಪು, ಬಾಳೆಹಣ್ಣಿನ ಕಟ್ಟಳೆ ಹಂಗೇ ಇತ್ತು, ಈಗಲೂ ಇದೆ. ಇದನ್ನು ಓದಿ ಯಾರೂ ನನ್ನ ಅಳತೆ ಹಿಡಿದುಕೊಂಡು ಉಣ್ಣಲು ಕೂರಬೇಡಿ. ನನ್ನ ಅಳತೆ ನನ್ನದು. ನಿಮ್ಮದನ್ನು ನಿಮ್ಮ ಡಾಕ್ಟರಿಗೆ ಕೇಳಿ, ಅವರು ಗಡಿಬಿಡಿಯಲ್ಲಿದ್ದರೆ ಬಾಗಿಲಿಗೆ ಅಡ್ಡ ನಿಂತು ಕೇಳಿ.

ರಕ್ತದ ರಿಪೋರ್ಟಿನಲ್ಲಿ ಸತ್ವದ ಅಂಕಿ ಮಾತ್ರ ಮೇಲೇಳಲಿಲ್ಲ. ಬಾಯಾರು ಕೊನೆಗೆ ಅಂದರು, "ತತ್ತಿಯ ಬಿಳೀದ ತಿನ್ರಿ." ಮೊಟ್ಟೆಗೆ ನಮ್ಮ ಕಡೆ ತತ್ತಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಶಬ್ದವನ್ನೇ ಆಡುವುದಿಲ್ಲ. ಕೊರಳಲ್ಲಿ ಲಿಂಗ, ಖಾನಾವಳಿಯ ಬೋರ್ಡಿನ ಮೇಲೆ ಶುದ್ಧ ಶಾಕಾಹಾರಿ. ಎರಡು ವಾರ ಒಳಗೊಳಗೇ ಕುದ್ದೆ. ಮೂರನೆಯ ವಾರ ಆಸ್ಪತ್ರೆಯ ಮುಂದಿನ ಆಮ್ಲೆಟ್ ಗಾಡಿಯ ಹತ್ತಿರ ಹೋಗಿ ನಿಂತೆ. ಮನೆಯವರು ನನಗೆ ಬೆನ್ನು ಮಾಡಿ, ರಸ್ತೆಯ ಕಡೆ ಕಾವಲು ನಿಂತರು. ಬೈಲಹೊಂಗಲದವರು ಯಾರಾದರೂ ಬಂದರೆ ಕೆಮ್ಮುವುದು ಅಂತ ಮಾತಾಗಿತ್ತು. ಮೊದಲ ತುತ್ತು ನುಂಗುವಾಗ ಕಣ್ಣು ಮುಚ್ಚಿದ್ದೆ. ಅದಕ್ಕೆ ರುಚಿಯೇ ಇರಲಿಲ್ಲ. ಇಷ್ಟಕ್ಕೆ ಇಷ್ಟೊಂದು ಗದ್ದಲವೇ ಅನಿಸಿತು. "ನಾ ಏನೂ ನೋಡಿಲ್ಲ" ಅಂದರು ಮನೆಯವರು, ಬಸ್ಸಿನಲ್ಲಿ.

ನಮ್ಮ ಪಾಳಿಯಲ್ಲಿ ಪಕ್ಕದ ಮಂಚ ಕಟಕೋಳದ ರುದ್ರಪ್ಪಣ್ಣನವರದು. ಎತ್ತರದ ಆಳು, ಹೊಲಮನೆಯವರು, ನಗಿಸುವುದರಲ್ಲಿ ಎತ್ತಿದ ಕೈ. ಅವರ ಹೆಂಡತಿ ಮಲ್ಲವ್ವ ಮಂಚದ ಮಗ್ಗುಲ ನೆಲದ ಮೇಲೆ ಕೂತು, ಅವರ ಪಾದ ಒತ್ತುತ್ತಿದ್ದಳು. ಅವರ ಮನೆಯಲ್ಲೂ ಹಳೆಯ ಚೀಟಿ ಇತ್ತು, ಅವರದೂ ಗಂಜಿ. ಬಾಯಾರು ಹೇಳಿದರೆ ಅಣ್ಣನವರು ಕೈ ಬೀಸಿ ನಗುತ್ತಿದ್ದರು. "ನಮ್ಮಾಕಿ ಕೈಯಾಗ ಪಥ್ಯ ಅಂದ್ರ ಪಥ್ಯ. ಕಾಳಿನ ಕಟ್ಟ ಸೈತ ಸೋಂಕಸಂಗಿಲ್ಲ" ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಒಂದು ದಿನ ನನ್ನ ಕೈ ನೋಡಿ ಕೇಳಿದರು, "ಅಕ್ಕಾರ, ನೀವು ಸ್ವಲ್ಪ ಚಲೋ ಕಾಣಾಕ ಹತ್ತೀರಿ. ಏನ ಉಂತೀರಿ?"

ಹೇಳಬಹುದಿತ್ತು. ಹತ್ತು ನಿಮಿಷದ ಹಿಂದೆ ಗಾಡಿಯ ಹತ್ತಿರ ತತ್ತಿ ತಿಂದು ಬಾಯಿ ಒರೆಸಿಕೊಂಡು ಬಂದಿದ್ದೆ. ಅವರೂ ಲಿಂಗ ಕಟ್ಟಿದ ನಮ್ಮವರೇ, ನಮ್ಮ ಖಾನಾವಳಿಯಲ್ಲಿ ಉಂಡವರೇ. ಮಾತು ಊರಿಗೆ ಹೋದರೆ ಅನ್ನುವ ಅಂಜಿಕೆ. "ನಾನೂ ಗಂಜೀನ ಉಂತೇನ್ರಿ ಅಣ್ಣಾರ" ಅಂದೆ.

"ನೋಡಿದಿ? ಅಕ್ಕಾರೂ ಗಂಜೀನ" ಅಂತ ಅವರು ಹೆಂಡತಿಗೆ ಹೇಳಿದರು. ಮಲ್ಲವ್ವ ನನ್ನ ಕಡೆ ನೋಡಿ ನಕ್ಕಳು.

ಎರಡು ತಿಂಗಳಲ್ಲಿ ರುದ್ರಪ್ಪಣ್ಣ ಹೋದರು. ಕೊನೆಯ ಸಲ ಅವರನ್ನು ಮಂಚಕ್ಕೆ ಏರಿಸಲು ಒಬ್ಬ ವಾರ್ಡ್ ಬಾಯ್ ಸಾಕಾಗಿದ್ದ.

ಒಂದು ತಿಂಗಳ ಮೇಲೆ ಮಲ್ಲವ್ವ ಯಾವುದೋ ಕಾಗದಕ್ಕೆ ಆಸ್ಪತ್ರೆಗೆ ಬಂದಿದ್ದಳು. ನಾನು ಮಶೀನಿಗೆ ಕಟ್ಟಿಕೊಂಡು ಮಲಗಿದ್ದೆ. ಬಂದು ಅದೇ ಜಾಗದಲ್ಲಿ, ಖಾಲಿ ಮಂಚದ ಮಗ್ಗುಲಿಗೆ ಕೂತಳು. ನನ್ನ ಬಲಗೈ ಹಿಡಿದು, ತೋಳಿನ ತನಕ ಸವರಿ ನೋಡಿದಳು.

"ಅಕ್ಕಾರ, ನೀವೂ ಗಂಜೀನ ಉಂಡ್ರಿ. ನಮ್ಮವರೂ ಗಂಜೀನ ಉಂಡ್ರು. ನಾ ಪಥ್ಯದಾಗ ಎಲ್ಲಿ ತಪ್ಪಿದೆ, ಹೇಳ್ರಿ."

ಎದ್ದು ಓಡುವಂತಿರಲಿಲ್ಲ, ಎಡಗೈಯಲ್ಲಿ ಎರಡು ಸೂಜಿ ಇದ್ದವು. "ನೀ ತಪ್ಪಿಲ್ಲ ಮಲ್ಲವ್ವ. ನಾ ಗಂಜಿ ಉಂಡಿದ್ದಿಲ್ಲ. ಬ್ಯಾಳಿ ಉಂತಿದ್ದೆ, ತತ್ತಿ ತಿಂತಿದ್ದೆ. ನಾಚಿಕಿಗೆ ಸುಳ್ಳ ಹೇಳಿದೆ."

ಆಕೆ ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ನನ್ನ ಕೈ ಬಿಟ್ಟಳು. "ಹೇಳಬೇಕಾಗಿತ್ರಿ ಅಕ್ಕಾರ" ಅಂದಳು. "ಅವರಿಗೆ ಅಲ್ಲದಿದ್ರ ನನಗರ ಹೇಳಬೇಕಾಗಿತ್ತು. ನಾ ಹೆಂಗರ ಮಾಡಿ ತಿನಸ್ತಿದ್ದೆ."

ತಿಂದಿದ್ದರೆ ಬದುಕುತ್ತಿದ್ದರೇ? ಗೊತ್ತಿಲ್ಲ. ಅವರ ಹೃದಯವೂ ಸೋತಿತ್ತು ಅಂತ ಆಮೇಲೆ ತಿಳಿಯಿತು. ಆದರೆ ಕೇಳಿದವರಿಗೆ ನಾನು ಖರೇ ಹೇಳಲಿಲ್ಲ ಅನ್ನುವುದಕ್ಕೆ ಯಾವ ಡಾಕ್ಟರೂ ಬೇರೆ ಕಾರಣ ಬರೆದುಕೊಡಲಾರರು. ಅದು ನನ್ನದೇ, ನನ್ನ ಜೊತೆಯೇ ಇರುತ್ತದೆ.

ಆ ದಿನ ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ಅತ್ತಿ, ನಾ ತತ್ತಿ ತಿನ್ನಾಕ ಹತ್ತೇನಿ. ಬಹಳ ದಿನಾ ಆತು. ಈಗ ಮಂಗಳವಾರ, ಶುಕ್ರವಾರ ಅಷ್ಟ ತಿಂತೇನಿ. ದಿನಾ ತಿನ್ನಬೇಕಂತ, ಇನ್ನ ದಿನಾ ತಿನ್ನಾಕಿ."

ಮನೆಯವರು ಬಾಗಿಲಲ್ಲೇ ಕೆಮ್ಮಿದರು. ರೂಢಿ.

"ಕೊರಳಾಗ ಲಿಂಗ ಐತಿ ನೀಲಾ" ಅಂದರು ಅತ್ತೆ.

"ಐತ್ರಿ. ಲಿಂಗ ಇರಾಕ ಕೊರಳ ಇರಬೇಕಲ್ರಿ?"

ಮಲ್ಲವ್ವ ಕೇಳಿದ್ದನ್ನೂ ಹೇಳಿದೆ, ನಾನು ಸುಳ್ಳು ಹೇಳಿದ್ದನ್ನೂ ಹೇಳಿದೆ. ನಿಮ್ಮ ಒಲೆ ಮುಟ್ಟುವುದಿಲ್ಲ, ಆದರೆ ಬಚ್ಚಿಟ್ಟುಕೊಂಡು ತಿನ್ನುವುದೂ ಇಲ್ಲ ಅಂದೆ. ಅತ್ತೆ ಒಂದೇ ಒಂದು ಮಾತು ಕೇಳಿದರು. "ಆ ಕಟಕೋಳದಾಕಿ, ಆಕಿನೂ ಚೀಟ್ಯಾಗ ಇದ್ದಂಗ ಮಾಡತಿದ್ಲೇನ?"

"ಹೂಂ ರಿ. ನಿಮ್ಮಂಗ. ಒಂದ ಕಾಳ ತಪ್ಪಿಸದಂಗ."

ಅತ್ತೆ ಎದ್ದು ಒಳಗೆ ಹೋದರು. ಎಂಟು ದಿನ ನನ್ನ ಜೊತೆ ಮಾತಿಲ್ಲ. ತಾಟು ಇಡುವರು, ಬ್ಯಾಳಿ ಹಾಕುವರು, ಮುಖ ನೋಡರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಜಗಲಿಯ ಮೇಲೆ ಚೀಟಿ ಇರಲಿಲ್ಲ. ಎಲ್ಲಿಟ್ಟರು ಅಂತ ನಾನು ಕೇಳಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಮಧ್ಯಾಹ್ನದ ಗಿರಾಕಿಗಳು ತೀರಿದ ಮೇಲೆ ಅತ್ತೆ ಎಲ್ಲೋ ಹೋದರು, ಹಿತ್ತಲ ಬಾಗಿಲಿನಿಂದ ಬಂದರು. ಹಿತ್ತಲಿನಿಂದಲೇ ಕರೆದರು, "ನೀಲಾ, ಇಲ್ಲಿ ಬಾ."

ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರು ಕಲ್ಲು ಹೂಡಿ ಉರಿ ಹಚ್ಚಿದ್ದರು. ಮೇಲೆ ಖಾನಾವಳಿಯಲ್ಲಿ ಎಂದೋ ಮೂಲೆಗೆ ಬಿದ್ದಿದ್ದ ಅಲ್ಯೂಮಿನಿಯಂ ಬೋಗುಣಿ, ಅದರಲ್ಲಿ ನೀರು. ಸೆರಗಿನ ಗಂಟು ಬಿಚ್ಚಿ, ಮುಖ ಆ ಕಡೆ ಮಾಡಿಕೊಂಡೇ ಎರಡು ತತ್ತಿಗಳನ್ನು ನನ್ನ ಅಂಗೈಗೆ ಹಾಕಿದರು. ಎಲ್ಲಿಂದ ತಂದರು ಅನ್ನುವುದನ್ನು ಇವತ್ತಿಗೂ ಹೇಳಿಲ್ಲ.

"ಇವನ್ನ ಎಷ್ಟೊತ್ತ ಕುದಸ್ತಾರ?" ಅಂತ ಕೇಳಿದರು.

ಅಡುಗೆಯ ವಿಷಯದಲ್ಲಿ ಯಾರನ್ನೂ ಏನನ್ನೂ ಕೇಳದ ಹೆಂಗಸು. ನನಗೆ ನಗು ಬಂತು, ಯಾಕಂದರೆ ನನಗೂ ಗೊತ್ತಿರಲಿಲ್ಲ. "ನನಗೇನ ಗೊತ್ರಿ ಅತ್ತಿ? ನಾ ತಿಂದಾಕಿ, ಕುದಿಸಿದಾಕಿ ಅಲ್ಲ."

"ಹಂಗಾರ ಬ್ಯಾಳಿ ಬೇಯೂವಷ್ಟೊತ್ತ ಇಡೂಣು" ಅಂದರು. ಇಟ್ಟೆವು. ತೊಗರಿಬೇಳೆ ಕರಗುವಷ್ಟು ಹೊತ್ತು ಕುದಿಸಿದರೆ ತತ್ತಿ ಏನಾಗುತ್ತದೆ ಅನ್ನುವುದು ಗೊತ್ತಿದ್ದವರಿಗೆ ಗೊತ್ತು. ಚಪ್ಪಲಿಯ ಅಟ್ಟೆಯಂತಾಗಿತ್ತು. ನಾನು ಒಂದರ ಹಳದಿ ತೆಗೆದಿಟ್ಟು, ಬಿಳಿದನ್ನು ಹರಿದು ಹರಿದು ತಿಂದೆ. ಅತ್ತೆ ಒಗೆಯುವ ಕಲ್ಲಿನ ಮೇಲೆ, ನನಗೆ ಬೆನ್ನು ಮಾಡಿಕೊಂಡು ಕೂತಿದ್ದರು. ಆದರೆ ಎದ್ದು ಹೋಗಲಿಲ್ಲ.

"ಮುಗೀತೇನ?" ಅಂದರು, ತಿರುಗದೆಯೇ.

"ಮುಗೀತ್ರಿ."

"ಇನ್ನೊಂದ ಐತಿ. ಅದನ್ನೂ ತಿನ್ನ."